ನಲವತ್ತೇಳನೇ ಚೀಟಿ

ಚೀಟಿ ನಾನು ಬರೆದದ್ದಲ್ಲ.
ಚಿಂತಾಮಣಿಯಲ್ಲಿ ಅಚ್ಚು ಹಾಕಿಸಿ
ನೂರರ ಕಟ್ಟು ಕಟ್ಟಿ ಕಳಿಸುತ್ತಾರೆ ಗುತ್ತಿಗೆಯ ಯಜಮಾನರು.
ಮೇಲೆ ಗಣಪತಿ, ನಡುವೆ ನಂಬರು,
ಅಡಿಯಲ್ಲಿ ಇರುವೆ ಸಾಲಿನಂಥ ಒಂದು ಗೆರೆ:
'ಕಳುವಾದರೆ ನಾವು ಜವಾಬ್ದಾರರಲ್ಲ.'
ಹನ್ನೊಂದು ವರ್ಷ ಹರಿದು ಹರಿದು ಕೊಟ್ಟಿದ್ದೇನೆ,
ಓದಿರಲಿಲ್ಲ.
ಓದಿಸಿದವಳು ಖಮರುನ್ನಿಸಾ,
ಒಂದು ಮಂಗಳವಾರ ಸಂಜೆ ಅರ್ಧ ಚೀಟಿ ಹಿಡಿದು ಬಂದು
ನಲವತ್ತೇಳರ ಜಾಗದಲ್ಲಿ
ಸ್ಟ್ಯಾಂಡು ಊರಿದ್ದ ಗುಳಿ ನೋಡಿ ನಿಂತವಳು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂಬದಿ
ನನ್ನ ತಗಡಿನ ಸ್ಟ್ಯಾಂಡು.
ಹರಾಜು ಈಗ ಮೊಬೈಲಿನಲ್ಲಿ, ಕೂಗಾಟವಿಲ್ಲ;
ಹುಳು ಬೆಂದ ವಾಸನೆ ಮಾತ್ರ ಮೊದಲಿನದೇ.
ಅವಳು ಮಳ್ಳೂರಿನಿಂದ ತುಳಿದುಕೊಂಡು ಬರುವವಳು.
ಫಿಲೇಚರಿನ ಓಣಿಯಲ್ಲಿ ಕಾಲಿಡಲೂ ಜಾಗವಿಲ್ಲ,
ಅದಕ್ಕೇ ನನಗೆ ದಿನಕ್ಕೆ ಐದು ರೂಪಾಯಿ.

ಸ್ಟೇಷನ್ನಿಗೆ ನಾನೂ ಹೋದೆ.
'ಗುರುತೇನಮ್ಮ?'
'ಸರ್ಕಾರಿ ಸೈಕಲ್ಲು ಸಾರ್, ಮಗಳಿಗೆ ಎಂಟನೇ ಕ್ಲಾಸಲ್ಲಿ ಕೊಟ್ಟಿದ್ದು.'
'ತಾಲ್ಲೂಕಿನ ತುಂಬ ಅದೇ ಐತಲ್ಲಮ್ಮ. ಬಿಲ್ಲು?'
ಬಿಲ್ಲಿಲ್ಲ.
'ಮಾಲೀಕರು ಯಾರು?' ಮಗಳು.
'ಮಗಳೆಲ್ಲಿ?' ಹಿಂದೂಪುರ, ಗಂಡನ ಮನೆ.
ಆಮೇಲೆ ಅವಳು ಕೈ ಚಾಚಿ ತೋರಿಸಿದಳು,
ಬೇಸಿನ್ನಿನ ಕುದಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು:
'ಹ್ಯಾಂಡಲ್ಲು ಚುಚ್ಚತೈತೆ ಅಂತ
ಬಿಸಾಕೋ ರೇಷ್ಮೆ ಎಳೆ ಸುತ್ತಿದ್ದೆ ಸಾರ್, ಎರಡೂ ಹಿಡಿಗೆ.'
ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಪೊಲೀಸರು ಗುತ್ತಿಗೆದಾರರನ್ನು ಕೇಳಿ ಎಂದರು.
ಗುತ್ತಿಗೆದಾರರು, ನಗರಸಭೆಯ ಜಾಗ, ನಗರಸಭೆಯ ಷರತ್ತು ಎಂದರು.
ನಗರಸಭೆಯಲ್ಲಿ ಒಬ್ಬರು ಕನ್ನಡಕ ಏರಿಸಿ ಚೀಟಿ ಓದಿ
'ಇಲ್ಲೇ ಇದೆಯಲ್ಲ' ಎಂದರು.
ಸ್ಟ್ಯಾಂಡಿನವನಿಗೆ ಇದು ಹೊಸತಲ್ಲ:
ಪಂಕ್ಚರಾದ ಗಾಡಿಯನ್ನು ಎಲ್ಲರೂ ತಳ್ಳುತ್ತಾರೆ,
ಯಾರೂ ಹತ್ತುವುದಿಲ್ಲ.

ಮತ್ತೆ ನಾನು ಐದು ರೂಪಾಯಿ ತೆಗೆದುಕೊಂಡಿದ್ದು ಯಾತಕ್ಕೆ?
ನೆರಳಿಗೆ ಅನ್ನೋಣವೆಂದರೆ
ಎದುರಿನ ಹೊಂಗೆಮರ ಬಿಟ್ಟಿ ಕೊಡುತ್ತದೆ.
ನಿಲ್ಲಿಸಿದ್ದಕ್ಕೆ? ನಿಂತದ್ದು ಸೈಕಲ್ಲು, ನಾನು ಕೂತಿದ್ದೆ.
ಕಾಯುವುದಕ್ಕೆ ಎಂದು ಎಲ್ಲೂ ಬರೆದಿಲ್ಲ.
ಆದರೆ ಬೀಗ ಕೆಟ್ಟ ಸೈಕಲ್ಲನ್ನು ಅವಳು
ನನ್ನ ಮುಖ ನೋಡಿ ಬಿಟ್ಟು ಹೋಗುತ್ತಿದ್ದಳು,
ಚೀಟಿ ನೋಡಿ ಅಲ್ಲ.

ಇನ್ನೊಂದಿದೆ. ಸ್ಟೇಷನ್ನಿನಲ್ಲಿ ಹೇಳಲಿಲ್ಲ.
ಹೋಗಿದ್ದನ್ನು ನಾನು ನೋಡಿದೆ.
ಹನ್ನೊಂದು ಗಂಟೆ. ಇಸ್ತ್ರಿ ಅಂಗಿಯ ಹುಡುಗ.
'ಅಮ್ಮ ಕಳಿಸಿದ್ರು ಮಾಮ' ಎಂದ.
ಅವಳ ಮನೆಯಲ್ಲಿ ಅಮ್ಮಿ ಅನ್ನುತ್ತಾರೆ,
ಅಷ್ಟೂ ಹೊಳೆಯಲಿಲ್ಲ. ಚಿಲ್ಲರೆ ಎಣಿಸುತ್ತಿದ್ದೆ.
ಚೀಟಿ ಕೇಳಲಿಲ್ಲ.
ಹರಿದ ಅಂಗಿಯವನಾಗಿದ್ದರೆ ಕೇಳುತ್ತಿದ್ದೆ.
ರೇಷ್ಮೆ ಸುತ್ತಿದ ಹಿಡಿ ಬಿಸಿಲಲ್ಲಿ ಒಮ್ಮೆ ಮಿಂಚಿ
ದಿಬ್ಬೂರಹಳ್ಳಿ ರಸ್ತೆಗೆ ತಿರುಗಿತು.
'ಗಮನಿಸಲಿಲ್ಲ' ಎಂದು ಬರೆಸಿ
ಕೆಳಗೆ ನನ್ನ ಸಹಿ, ಪಿಳ್ಳಪ್ಪ, ದುಂಡಗೆ.

ಈಗ ನಲವತ್ತೇಳರಲ್ಲಿ ಯಾರ ಗಾಡಿಯನ್ನೂ ಬಿಡುವುದಿಲ್ಲ.
ಸಂಜೆ ಲೆಕ್ಕಕ್ಕೆ ಆ ಐದು ರೂಪಾಯಿ ನನ್ನ ಜೇಬಿನದು.
ಯಜಮಾನರಿಗೆ ಮೊತ್ತ ಸರಿಯಿದ್ದರೆ ಸಾಕು.
ಇದರಿಂದ ಅವಳಿಗೇನೂ ಬರುವುದಿಲ್ಲ, ಗೊತ್ತು.
ಅವಳು ನಡೆದೇ ಬರುತ್ತಾಳೆ,
ನನ್ನ ತಗಡಿನ ಕಡೆ ತಿರುಗದೆ ಹೋಗುತ್ತಾಳೆ.

ಮೊನ್ನೆ ತಿರುಗಿದಳು. ಅರ್ಧ ಚೀಟಿ ಮೇಜಿನ ಮೇಲಿಟ್ಟು
'ನನಗ್ಯಾಕೆ ಇದು' ಎಂದು ಹೊರಟಳು.
ಹೇಳಬೇಕೆಂದಿದ್ದೆ. ಗಂಟಲು ಕೆಮ್ಮಿತು, ಅಷ್ಟೇ.
ಹಳೆಯ ಕಟ್ಟಿನಲ್ಲಿ ಉಳಿದರ್ಧ ಹುಡುಕಿ ತೆಗೆದೆ.
ಅವತ್ತು ಸೊಟ್ಟಗೆ ಹರಿದಿದ್ದೆ:
'ಲ್ಲ' ಅವಳ ಚೂರಿಗೆ ಹೋಗಿತ್ತು,
ನನ್ನದರಲ್ಲಿ 'ನಾವು ಜವಾಬ್ದಾರರ'.
ಕೊಂಬಿಲ್ಲ. ಆದರೂ ಓದಬಹುದು.

ಒಬ್ಬ ಹುಡುಗ ಬಂದ, ಹೊಸ ಸೈಕಲ್ಲು.
'ಇಲ್ಲಿ ಖಾಲಿ ಐತಲ್ಲ?'
'ಇಲ್ಲಪ್ಪ, ಬೇರೆಯವರದು ಐತೆ. ಆ ಕಡೆ ಹಾಕು.
ಚೀಟಿ ಜೋಪಾನ. ಚೀಟಿ ಇಲ್ಲ ಅಂದ್ರೆ
ನಿಮ್ಮಪ್ಪ ಬಂದು ಕೇಳಿದರೂ ಕೊಡಲ್ಲ.'